ಟಾನ್ಸ್ಲಿ ಮುಚ್ಚಿದ ಸೀಳು

ಕೆಟ್ಟ ವಸ್ತು ಕಣ್ಣಿಗೆ ಬಿದ್ದರೆ ವಿಲ್ಫ್ರೆಡ್ ಟಾನ್ಸ್ಲಿಯವರ ಕೈ ಸುಮ್ಮನಿರುತ್ತಿರಲಿಲ್ಲ. ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ ಬೂಟು ರಿಪೇರಿ ಮಾಡುತ್ತಿದ್ದವರ ಮಗ ಅವರು. ಯುದ್ಧದ ಕಾಲದಲ್ಲಿ ಸೇನೆಯ ವೈರ್‌ಲೆಸ್ ಸೆಟ್ಟುಗಳನ್ನು ದುರಸ್ತಿ ಮಾಡುತ್ತ ಕಲಿತ ವಿದ್ಯೆಯನ್ನೇ ನೆಚ್ಚಿ ಲಂಡನ್ನಿನ ರೇಡಿಯೊ ಸ್ಟುಡಿಯೊ ಸೇರಿದ್ದರು. ಗೊರಗೊರ ಸದ್ದು ಎಲ್ಲಿ ಹುಟ್ಟಿದರೂ ಹುಡುಕಿ ಅಡಗಿಸುವುದೇ ಅಲ್ಲಿ ಅವರ ಕೆಲಸ.

ನಾನು ಅವರನ್ನು ಕಂಡದ್ದು ೧೯೬೫ರಲ್ಲಿ. ಗ್ರಾಮಫೋನ್ ತಟ್ಟೆಗಳನ್ನು ಇಷ್ಟೇ ಹೊತ್ತು ಹಾಕಬೇಕೆಂಬ ಕಟ್ಟಳೆ ಆಗ ರೇಡಿಯೊಗಿತ್ತು. ಉಳಿದ ಹೊತ್ತು ತುಂಬಲು ನಮ್ಮಂಥ ತಂಡಗಳನ್ನು ಕರೆಸಿ ಹಾಡಿಸುತ್ತಿದ್ದರು. ಆ ಕಟ್ಟಳೆಯನ್ನು ಬೈಯುವವರೇ ಹೆಚ್ಚು. ನಾನಂತೂ ಅದಕ್ಕೆ ಋಣಿ. ಮೊದಲ ಸಲದ ಟೇಪನ್ನು ಹಿರಿಯರ ಸಮಿತಿಯೊಂದು ಕೇಳಿ, ತಂಡವನ್ನು ಮತ್ತೆ ಕರೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿತ್ತು. ನಮ್ಮ ಹಾಡುಗಾರಿಕೆ ಸಾಧಾರಣ. ನಮ್ಮದೆಂದು ಹೇಳಿಕೊಳ್ಳಲು ಇದ್ದದ್ದು ಕಾಲಿನ್ ಪೈಬಸ್‌ನ ಗಿಟಾರಿನ ಒರಟು ನಾದವೊಂದೇ. ಅದಕ್ಕಾಗಿ ಅವನು ತನ್ನ ಸ್ಪೀಕರಿನೊಳಗೆ ಅದುರಿ ಸದ್ದು ಹೊಮ್ಮಿಸುವ ಕಾಗದದ ಬಟ್ಟಲನ್ನು ಬ್ಲೇಡಿನಿಂದ ಸೀಳಿಟ್ಟಿದ್ದ.

ತಾಲೀಮು ಮುಗಿಸಿ, ಕ್ಯಾಂಟೀನಿನಲ್ಲಿ ಚಹಾ ಕುಡಿದು ಬಂದೆವು. ಕಾಲಿನ್ ತಂತಿ ಮೀಟಿದ. ತೊಳೆದಿಟ್ಟಂಥ ಸ್ವಚ್ಛ ಸ್ವರ ಹೊರಟಿತು. ಅವನು ಸ್ಪೀಕರಿನ ಮುಂದೆ ಬಗ್ಗಿ ನೋಡಿದ.

“ನಿನ್ನ ಸ್ಪೀಕರ್ ಹರಿದಿತ್ತು ಕಣಪ್ಪ,” ಎಂದರು ಟಾನ್ಸ್ಲಿ, ಬಿಳಿ ಕೋಟಿಗೆ ಕೈ ಒರೆಸಿಕೊಳ್ಳುತ್ತ. “ತೆಳುಕಾಗದ ಇಟ್ಟು ಅಂಟಿಸಿದೀನಿ. ಈಗ ಹೊಸದರ ಹಾಗಿದೆ. ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ.”

“ಅಯ್ಯೋ ಪುಣ್ಯಾತ್ಮ! ಅದನ್ನ ಸೀಳಿದ್ದು ನಾನೇ!”

“ಯಾಕೆ, ತಲೆ ನೆಟ್ಟಗಿರಲಿಲ್ವಾ?”

“ಆ ಸದ್ದಿಗೋಸ್ಕರ, ಮಿಸ್ಟರ್ ಟಾನ್ಸ್ಲಿ! ಅದಿಲ್ದಿದ್ರೆ ನಮ್ಮನ್ನ ಇನ್ನೊಂದ್ಸಲ ಯಾರು ಕರೀತಾರೆ?”

“ನಿನ್ನ ಮೂತಿ ನೋಡಿ ಕರೀತಾರೆ ಬಿಡೋ,” ಎಂದ ಡ್ರಮ್ ಬಾರಿಸುವ ನೆವಿಲ್.

ಟಾನ್ಸ್ಲಿ ಸ್ಪೀಕರನ್ನೂ ಕಾಲಿನ್‌ನನ್ನೂ ಸರದಿಯಂತೆ ನೋಡಿದರು. ಬಳಿಕ ಟೇಪು ಕತ್ತರಿಸುವ ಬ್ಲೇಡು ತಂದು, “ತಗೋ, ನೀನೇ ಕೊಯ್ಕೊ,” ಎಂದರು.

“ನೀವೇ ಮಾಡಿ. ಎಲ್ಲಿ ಅಂಟಿಸಿದ್ದು ಅಂತ ನಿಮಗೇ ಗೊತ್ತು.”

ಅವರು ಮಂಡಿಯೂರಿ ಕುಳಿತು, ಆಗಷ್ಟೇ ಆರಿದ ತಮ್ಮ ತೇಪೆಯ ಮೇಲೆಯೇ ಬ್ಲೇಡು ಎಳೆದರು. ಹಲ್ಲು ಕಚ್ಚಿಕೊಂಡಿದ್ದರು.

ಧ್ವನಿಮುದ್ರಣ ಶುರುವಾಯಿತು. ಗಾಜಿನ ಕೋಣೆಯಿಂದ ನಿರ್ಮಾಪಕರ ದನಿ ಗುಡುಗಿತು: “ಟಾನ್ಸ್ಲಿ, ಅಲ್ಲೇನೋ ಹರಿದಿದೆಯಲ್ರೀ!”

“ಹೌದು ಸರ್. ಹರಿದೇ ಇರಬೇಕಂತೆ.”

ಸಮಿತಿ ನಮ್ಮನ್ನು ಮತ್ತೆ ಕರೆಯಿತು, ಮುಂದೆಯೂ ಹಲವು ಸಲ ಕರೆಯಿತು. ಆ ನಾದವೇ ಸಮಿತಿಯವರನ್ನು ಒಲಿಸಿತೆಂದು ಕಾಲಿನ್ ಇಂದಿಗೂ ಆಣೆ ಮಾಡುತ್ತಾನೆ. ನನಗೆ ಅಷ್ಟು ಖಾತ್ರಿಯಿಲ್ಲ. ಸೀಳಿಲ್ಲದ ಸ್ಪೀಕರಿನಲ್ಲಿ ಅದೇ ಹಾಡನ್ನು ಅವರಿಗೆ ಕೇಳಿಸಿ ಹೋಲಿಸಿದವರಿಲ್ಲ. ಟೇಪನ್ನೂ ಅಂದಿನ ರೂಢಿಯಂತೆ ಅಳಿಸಿ ಬೇರೊಂದು ಕಾರ್ಯಕ್ರಮಕ್ಕೆ ಬಳಸಿಕೊಂಡರು. ಆದರೆ ಕೃತಜ್ಞತೆಗೆ ಆ ಪುರಾವೆ ಬೇಕಿಲ್ಲ. ತನ್ನ ಕಿವಿಗೆ ದೋಷವೆಂದೇ ಕೇಳಿಸಿದ್ದನ್ನು, ಇನ್ನೊಬ್ಬನಿಗೆ ಬೇಕೆಂಬ ಒಂದೇ ಕಾರಣಕ್ಕೆ ತನ್ನ ಕೈಯಾರೆ ಮರಳಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಳೆದ ವರ್ಷ ಟಾನ್ಸ್ಲಿಯವರ ಅಂತ್ಯಕ್ರಿಯೆ ಮುಗಿದ ಮೇಲೆ ಅವರ ಹೆಂಡತಿ ಈನಿಡ್ ಒಂದು ಸಂಗತಿ ಹೇಳಿದರು. ನಮ್ಮ ಹಾಡು ಪ್ರಸಾರವಾದ ಶನಿವಾರ ಬೆಳಿಗ್ಗೆ ಆಕೆ ಮೊಟ್ಟೆ ಹುರಿಯುತ್ತಿದ್ದರಂತೆ. “ವಿಲ್ಫ್, ರೇಡಿಯೊ ಕೆಟ್ಟೋಯ್ತು, ಎದ್ದು ನೋಡಬಾರದಾ?” ಎಂದರಂತೆ. ಸ್ಕ್ರೂಡ್ರೈವರ್ ಹಿಡಿದು ಏಳಬೇಕಾದ ಮನುಷ್ಯ ಟೋಸ್ಟಿಗೆ ಬೆಣ್ಣೆ ಸವರುತ್ತ ಕುಳಿತೇ ಇದ್ದರಂತೆ.

“ಕೆಟ್ಟಿಲ್ಲ ಕಣೆ. ಆ ಸದ್ದು ನಾನು ಮಾಡಿಕೊಟ್ಟಿದ್ದು. ಸ್ವಲ್ಪ ಜೋರಾಗಿಡು.”