ನಡು ಹೊಲದ ಕುಸುಬಿ ಸಾಲು

ನಮ್ಮ ಮನೆತನದ ಹೊಲಗಳನ್ನೆಲ್ಲ ಫೋನಿನ ನಕ್ಷೆಯೊಳಗೆ ಕೂಡಿಸುವ ಹುಚ್ಚು ನನಗೆ ಹತ್ತಿದ್ದು ನಾರಾಯಣಪೇಟೆಯ ಬಾಡಿಗೆ ಮನೆಯಲ್ಲಿ, ಬೇರೆ ಕೆಲಸವಿಲ್ಲದ ಒಂದು ಬೇಸಿಗೆ ರಜೆಯಲ್ಲಿ. ಆಕಾಶದಿಂದ ತೆಗೆದ ಚಿತ್ರದ ಮೇಲೆ ಬೆರಳಾಡಿಸಿ ಗೆರೆ ಎಳೆಯುವುದು, ಅಜ್ಜನ ಕಾಲದಲ್ಲಿ ಯಾರದಿತ್ತು, ಈಗ ಯಾರದು ಎಂದು ಬರೆಯುವುದು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಹಚ್ಚುವುದು. ದೊಡ್ಡಪ್ಪನಿಗೆ ಕೆಂಪು, ಅಪ್ಪನಿಗೆ ಹಸಿರು, ಕಾಕಾ ಮಾರಿದ್ದಕ್ಕೆ ಬೂದಿ ಬಣ್ಣ. ಯಾರೂ ಕೇಳಿರಲಿಲ್ಲ. ಆದರೂ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಅದನ್ನೇ ತೋರಿಸುತ್ತಿದ್ದೆ.

ಆ ವರ್ಷ ಎಳ್ಳಮಾವಾಸ್ಯೆಗೆ ನಾನು ಉಟ್ಕೂರ್ ಹತ್ತಿರದ ನಮ್ಮ ಹಳ್ಳಿಗೆ ಹೋದಾಗ, ಗದ್ವಾಲದಿಂದ ಅತ್ತೆಯೂ ಬಂದಿದ್ದಳು. ಅಪ್ಪನ ಅಕ್ಕ. ಅವಳ ಮುಂದೆಯೂ ಫೋನು ಹಿಡಿದೆ. ಅತ್ತೆ ಅದನ್ನು ಇಸಿದುಕೊಂಡು ಅಡ್ಡ ತಿರುಗಿಸಿದಳು.

"ಮೂಡಲ ದಿಕ್ಕು ಮ್ಯಾಲಿಟ್ಟು ನೋಡಬೇಕವ್ವಾ ಹೊಲಾನ."

ಅವಳು ತಿರುಗಿಸಿದಂತೆಲ್ಲ ನಕ್ಷೆಯೂ ತಾನೇ ತಿರುಗಿ ನಿಲ್ಲುತ್ತಿತ್ತು. "ಎಷ್ಟು ಸೊಕ್ಕೈತಿ ನೋಡು ಇದಕ್ಕ," ಎಂದು ಬೈದಳು. ಆಮೇಲೆ ಬಣ್ಣಗಳ ಮೇಲೆ ಬೆರಳಿಟ್ಟು ಕೇಳಿದಳು, "ಇದ್ರಾಗ ನಂದ್ಯಾವ ಬಣ್ಣ?"

"ನಿಂದು ಗದ್ವಾಲದಾಗ ಐತಲ್ಲತ್ತಿ," ಎಂದು ನಕ್ಕೆ. ಅತ್ತೆ ನಗಲಿಲ್ಲ.

"ನಮ್ಮಪ್ಪ ಲಗ್ನದಾಗ ಅರಿಶಿನ-ಕುಂಕುಮಕ್ಕಂತ ಹಳ್ಳದ ಕಡೀ ತುಂಡು ನನಗ ಕೊಟ್ಟಾನ. ಹಂದರದಾಗ ಎಲ್ಲಾರ ಮುಂದ ಹೇಳ್ಯಾನ."

ಮಗಳಿಗೆ ಹೀಗೆ ಒಂದು ತುಂಡು ಹೊಲ ಕೊಡುವುದು ನಮ್ಮ ಕಡೆಯ ಹಳೇ ಪದ್ಧತಿ. ಬಾಯಿಮಾತೇ ಸಾಕು. ಹೊಲ ತಮ್ಮನ ಸಾಗುವಳಿಯಲ್ಲೇ ಉಳಿಯುತ್ತದೆ, ಅಕ್ಕ ಹಬ್ಬಕ್ಕೆ ಬಂದು ಉಂಡು ಹೋಗುತ್ತಾಳೆ. ನನ್ನ ನಕ್ಷೆಯಲ್ಲಿ ಆ ತುಂಡು ಅಪ್ಪನ ಹಸಿರಿನಲ್ಲಿ ಕರಗಿ ಹೋಗಿತ್ತು. ಆಕಾಶದ ಚಿತ್ರದಲ್ಲೂ ಅಲ್ಲೊಂದು ಬದು ಇದ್ದ ಗುರುತಿರಲಿಲ್ಲ.

ಕಟ್ಟೆಯ ಮೇಲಿದ್ದ ಅಪ್ಪ ಎಲ್ಲ ಕೇಳಿಸಿಕೊಂಡ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಒಳಗಿನಿಂದ ಅವ್ವ, "ಫೋನಿನ್ಯಾಗ ಬಣ್ಣ ಹಚ್ಚಿದ್ರ ಪಟ್ಟಾ ಆಗತೈತೇನು? ಸುಮ್ನಿರ್ರಿ," ಅಂದಳು.

"ಪಟ್ಟಾ ಯಾರಿಗ ಬೇಕಾಗೈತವ್ವಾ," ಅಂದಳು ಅತ್ತೆ. "ಅವಗ ನೆನಪೈತೋ ಇಲ್ಲೋ, ಅಷ್ಟು ತಿಳಿದ್ರ ಸಾಕು ನನಗ."

ಅವತ್ತು ಅವಳು ಸರಿಯಾಗಿ ಉಣ್ಣಲಿಲ್ಲ. ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಅಕ್ಕ ಎದುರಿಗೇ ಕೇಳುವಾಗ ಹೌದು ಅನ್ನಲು ಏನು ಧಾಡಿ?

ಮರುದಿನ ಅಮಾವಾಸ್ಯೆ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋದೆವು. ಪೂಜೆಯಾದ ಮೇಲೆ ಹೊಲದ ಅಂಚಿನುದ್ದಕ್ಕೂ ಅಡಿಗೆಯ ತುತ್ತು ಚೆಲ್ಲುತ್ತ ಸುತ್ತು ಬರಬೇಕು. ಅದಕ್ಕೆ ಚರಗ ಅನ್ನುತ್ತೇವೆ. ಅಪ್ಪ ಬುಟ್ಟಿ ಹಿಡಿದು ಮುಂದೆ ನಡೆದ. ನಡೆದ ದಾರಿಯನ್ನೇ ಗೆರೆಯಾಗಿ ಬರೆದುಕೊಳ್ಳುವ ಗುಂಡಿ ಒತ್ತಿ, ಫೋನು ಹಿಡಿದು ನಾನು ಹಿಂದೆ ಹೊರಟೆ. ಅತ್ತೆ ಬನ್ನಿ ಗಿಡದ ನೆರಳಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು.

ಅರ್ಧ ಸುತ್ತಾಗಿರಬೇಕು, ಅಪ್ಪ ಅಂಚು ಬಿಟ್ಟು ಎದೆಯೆತ್ತರದ ಜೋಳದೊಳಗೆ ನುಗ್ಗಿದ.

"ಅಪ್ಪಾ, ಬದು ಆ ಕಡೀಗೈತಿ!"

ಅವನು ತಿರುಗಲಿಲ್ಲ. ಸಿಟ್ಟಿನಲ್ಲೇ ಹಿಂದೆ ಹೋದೆ. ಕಾಲಿಗೆ ಚುರ್ರೆಂದು ಮುಳ್ಳು ತಾಗಿತು. ಬಗ್ಗಿ ನೋಡಿದರೆ ಕುಸುಬಿ. ದನ ಒಳಗೆ ಬರದಿರಲೆಂದು ಹೊಲದ ಅಂಚಿಗೆ ಕುಸುಬಿ ಬಿತ್ತುವುದು ಎಲ್ಲರೂ ಮಾಡುವುದೇ. ನಡು ಹೊಲದಲ್ಲಿ ಯಾರೂ ಬಿತ್ತುವುದಿಲ್ಲ. ಇಲ್ಲಿ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಒಂದೇ ಒಂದು ಸಾಲು, ನೆಟ್ಟಗೆ.

"ಟ್ರಾಕ್ಟರ್ ತಿರುಗವಲ್ದಂತ ಬದು ಒಡದಿದ್ದು ಖರೆ," ಅಂದ ಅಪ್ಪ, ನನ್ನ ಮುಖ ನೋಡದೆ. "ಬದು ಇದ್ದ ಜಾಗ ಮರೀಬಾರದಂತ ವರ್ಷಾ ವರ್ಷಾ ಇಲ್ಲಿ ಕುಸುಬಿ ಹಾಕ್ತೀನಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅಪ್ಪ ಅಲ್ಲಿಂದಲೇ ಅಕ್ಕನನ್ನು ಕೂಗಿದ. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಬಂದಳು. ಸಾಲು ನೋಡಿದಳು, ತಮ್ಮನನ್ನು ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಇಷ್ಟು ವರ್ಷ ಹೇಳಾಕ ಬಾಯಿಗೇನು ಬೀಗ ಹಾಕಿದ್ರೇನೋ ನಿನಗ?"

"ನೀ ಕೇಳಿದ್ಯೇನು?" ಅಪ್ಪ ಬುಟ್ಟಿಯನ್ನು ಅವಳ ಕೈಗಿಟ್ಟ. "ಇದರಾಚೆ ನಿಂದು. ನೀನ ಚೆಲ್ಲು."

ಅತ್ತೆ ಚಪ್ಪಲಿ ಬಿಟ್ಟು ನಡೆದಳು. ಫೋನಿನಲ್ಲಿ ಹೊಸ ಗೆರೆ ಶುರು ಮಾಡಿ ನಾನೂ ಅವಳ ಹಿಂದೆ ಹೊರಟೆ. ಹಳ್ಳದ ಕಡೆಯಿಂದ ಸುತ್ತು ಹಾಕಿ ಮತ್ತೆ ಕುಸುಬಿಯ ಹತ್ತಿರ ಬಂದಾಗ ಫೋನಿನ ಗೆರೆಯೂ ಕೂಡಿತು. ಈ ಜಾಗಕ್ಕೆ ಹೆಸರೇನು ಎಂದು ಫೋನು ಕೇಳಿತು. ನಮ್ಮ ಮನೆಯಲ್ಲಿ ಅವಳು ಯಾವಾಗಲೂ ಅಕ್ಕ, ಇಲ್ಲವೇ ಅತ್ತೆ. ನಾನು ಅಪ್ಪನ ಮುಖ ನೋಡಿದೆ. ಅವನು ಅವಳ ಪೂರ್ತಿ ಹೆಸರು ಹೇಳಿದ. ಅದರ ಮುಂದೆ ನಮ್ಮ ಮನೆತನದ ಹೆಸರು ಹಚ್ಚಿ ಹೇಳಿದ.

"ಏ, ಅದು ಲಗ್ನದಾಗ ಹೋತಲ್ಲೋ," ಅಂದಳು ಅತ್ತೆ. "ಗದ್ವಾಲದವ್ರ ಮನಿ ಹೆಸರು ಹಚ್ಚು."

"ಅಪ್ಪ ಹೊಲ ಕೊಟ್ಟಿದ್ದು ಈ ಹೆಸರಿನ ಹುಡುಗೀಗಿ," ಅಂದ ಅಪ್ಪ. ನನ್ನ ಕಡೆ ತಿರುಗಿ, "ಬರಿ," ಅಂದ.

ಒಂದೊಂದೇ ಅಕ್ಷರ ಒತ್ತಿ ಬರೆದೆ. ಅತ್ತೆಗೆ ಕನ್ನಡಕವಿಲ್ಲದೆ ಅಕ್ಷರ ಕಾಣುವುದಿಲ್ಲ, ಓದಿ ಹೇಳು ಅಂದಳು. ಓದಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡು ಫೋನಿನ ಹತ್ತಿರಕ್ಕೆ ಬಗ್ಗಿದಳು.

"ಇನ್ನೊಮ್ಮೆ ಓದವ್ವಾ," ಅಂದಳು.