ಶೀನಣ್ಣ ಹಡಗಿನ ಕೋಣೆ ಜೋಡಿಸಿದ್ದು

ಚಾಮರಾಜಪೇಟೆಯಲ್ಲಿ ನಮ್ಮ ಮನೆಗೂ ಶೀನಣ್ಣನವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವರ ಮನೆಯ ಕುಕ್ಕರ್ ಕೂಗಿದರೆ ನಾನು ನಮ್ಮ ಮನೆಯ ಒಲೆ ಆರಿಸಲು ಎದ್ದದ್ದುಂಟು. ಆದ್ದರಿಂದ ಇಲ್ಲಿ ಬರೆಯುತ್ತಿರುವುದರಲ್ಲಿ ಸ್ವಲ್ಪ ನಾನು ಕಂಡದ್ದು, ಸ್ವಲ್ಪ ಗೋಡೆಯಾಚೆಯಿಂದ ಕೇಳಿದ್ದು. ಹಡಗಿನ ಮೇಲೆ ನಡೆದದ್ದನ್ನು ಮಾತ್ರ ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆಯಾಗಿ ಬಂದು ಹೇಳಿದರು.

ಶೀನಣ್ಣ ಮೀಸೆ ಮೂಡುವ ಮೊದಲೇ ಪ್ರೆಸ್ಸು ಸೇರಿದವರು. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವ ಕೆಲಸ. ಮೊಳೆಗಳನ್ನಿಡುವ ಮರದ ತಟ್ಟೆಗೆ ಕೇಸು ಎನ್ನುತ್ತಿದ್ದರು. ಅದರ ತುಂಬ ಪುಟ್ಟ ಪುಟ್ಟ ಮನೆಗಳು. ಒಂದೊಂದು ಅಕ್ಷರಕ್ಕೆ, ಒತ್ತಿಗೆ, ಕೊಂಬಿಗೆ ಒಂದೊಂದು ಮನೆ. ಪಳಗಿದವನು ಕೇಸಿನ ಕಡೆ ನೋಡುವುದಿಲ್ಲ. ಕಣ್ಣು ಲೇಖಕನ ಹಾಳೆಯ ಮೇಲೆ, ಕೈ ತನ್ನಷ್ಟಕ್ಕೆ ಹೋಗಿ ಬೇಕಾದ ಮೊಳೆ ತರುತ್ತದೆ. ಕಂಪ್ಯೂಟರ್ ಬಂದ ಮೇಲೆ ಮೊಳೆಗಳನ್ನೆಲ್ಲ ಕರಗಿಸಲು ಒಯ್ದರು. ಶೀನಣ್ಣ ಕರಡು ತಿದ್ದುವ ಕೆಲಸ ಕಲಿತು ಅದೇ ಪ್ರೆಸ್ಸಿನಲ್ಲಿ ಉಳಿದರು.

ಅವರ ಹೆಂಡತಿ ಆಂಡಾಳಮ್ಮ ಬಸವನಗುಡಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದರು. ನಿವೃತ್ತಿ ಹತ್ತಿರವಾಗುವ ಹೊತ್ತಿಗೆ ಅವರ ಕಣ್ಣಿನ ನರ ಕೆಡತೊಡಗಿತು. ಅಂಚಿನಿಂದ ಕತ್ತಲೆ ಒಳಕ್ಕೆ ಸರಿಯುತ್ತ ಬಂದು, ಈಗ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬಷ್ಟು ಮಾತ್ರ ಬೆಳಕು ತಿಳಿಯುತ್ತದೆ. ಡಾಕ್ಟರು ಇನ್ನು ಮಾಡುವುದೇನೂ ಇಲ್ಲವೆಂದ ವಾರವೇ ಶೀನಣ್ಣ ಅಡುಗೆಮನೆಯ ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ ಕುಳಿತರು. ಉಪ್ಪಿಗೊಂದು ಮನೆ, ಸಾಸಿವೆಗೊಂದು ಮನೆ. ಎಣ್ಣೆ ಬಾಟಲಿಗೆ ರಬ್ಬರ್ ಬ್ಯಾಂಡು, ತುಪ್ಪದ ಡಬ್ಬಿಗೆ ಹುರಿ. ತೆಗೆದದ್ದನ್ನು ತೆಗೆದಲ್ಲೇ ಇಡಬೇಕು, ಮನೆಗೆ ಬಂದ ನೆಂಟರೂ ಕೂಡ. ಈಗ ಆಂಡಾಳಮ್ಮ ಕಾಫಿ ಬೆರೆಸಿ ಕೈಗೆ ಕೊಡುವುದನ್ನು ನೋಡಿದ ಹೊಸಬರಿಗೆ ಅವರಿಗೆ ಕಾಣುವುದಿಲ್ಲವೆಂದು ಗೊತ್ತೇ ಆಗುವುದಿಲ್ಲ.

ಹೊಸ್ತಿಲು ದಾಟಿದರೆ ಮಾತ್ರ ಕಥೆ ಬೇರೆ. ಮಲ್ಲೇಶ್ವರದ ಛತ್ರವೊಂದರಲ್ಲಿ ಅಣ್ಣನ ಮಗನ ಮದುವೆಗೆ ಹೋಗಿ ಉಳಿದಿದ್ದಾಗ, ಬೆಳಗ್ಗೆ ಆಂಡಾಳಮ್ಮ ಬಚ್ಚಲು ಹುಡುಕುತ್ತ ಗಂಡಸರು ಬಟ್ಟೆ ಬದಲಿಸುತ್ತಿದ್ದ ಕೋಣೆಗೆ ನಡೆದುಬಿಟ್ಟರು. ಯಾರೋ ನಕ್ಕರು, ಇನ್ಯಾರೋ ಪಾಪ ಎಂದು ಕೈ ಹಿಡಿದು ಹೊರಗೆ ತಂದರು. ಆ ಪಾಪ ಅನ್ನಿಸಿಕೊಂಡದ್ದೇ ಅವರಿಗೆ ಜಾಸ್ತಿ ಚುಚ್ಚಿತು. ಅಂದಿನಿಂದ ಬೇರೆ ಕಡೆ ಒಂದು ರಾತ್ರಿಯೂ ಮಲಗಲಿಲ್ಲ. ಮಗಳು ಇಂಚರಾ ಕಾಶಿಗೆ, ರಾಮೇಶ್ವರಕ್ಕೆ ಎಂದು ಕರೆದದ್ದೆಲ್ಲ ವ್ಯರ್ಥವಾಯಿತು. ದಿನಕ್ಕೊಂದು ಊರು, ಊರಿಗೊಂದು ರೂಮು, ರೂಮಿಗೊಂದು ಬಚ್ಚಲು, ನನ್ನಿಂದಾಗದು ಎನ್ನುತ್ತಿದ್ದರು.

ಒಂದು ಭಾನುವಾರ ಪೇಪರಿನಲ್ಲಿ ಹಡಗು ಪ್ರವಾಸದ ಜಾಹೀರಾತು ಬಂತು. ಚೆನ್ನೈನಿಂದ ಹೊರಟು ವಿಶಾಖಪಟ್ಟಣದ ತನಕ ಹೋಗಿ ಮರಳುವ ಹಡಗು. ಶೀನಣ್ಣ ಅದನ್ನು ಕರಡು ಓದುವ ಹಾಗೆ ಎರಡೆರಡು ಸಲ ಓದಿ, ಊಟಕ್ಕೆ ಬಂದಿದ್ದ ಮಗಳ ಮುಂದಿಟ್ಟರು. ಇಂಚರಾ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಅಪ್ಪನಷ್ಟೇ ಲೆಕ್ಕಾಚಾರದವಳು. ಹಡಗಿನ ಕೋಣೆಗಳು ಕೈಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಚಿಕ್ಕವು, ಇಬ್ಬರು ಒಟ್ಟಿಗೆ ನಿಂತರೆ ಒಂದು ಚೀಲಕ್ಕೂ ಜಾಗವಿರುವುದಿಲ್ಲ ಎಂದು ಹೆದರಿಸಿದಳು.

"ಚಿಕ್ಕದಾದಷ್ಟೂ ಒಳ್ಳೇದಲ್ವೇನೆ," ಎಂದರು ಶೀನಣ್ಣ. "ಕೂತಲ್ಲೇ ಎಲ್ಲಾ ಕೈಗೆ ಸಿಗುತ್ತೆ. ಒಂದ್ಸಲ ಜೋಡಿಸಿಟ್ರೆ ಮುಗೀತು. ಹಡಗಲ್ಲಿ ಊರು ಬದಲಾಗುತ್ತೆ, ರೂಮ್ ಬದಲಾಗಲ್ಲ."

ಆಂಡಾಳಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಸಂಜೆ ಹೊತ್ತಿಗೆ, ಹೋಗುವುದಾದರೆ ಕಿಟಕಿ ಇರುವ ಕೋಣೆಯೇ ಬೇಕು ಎಂದರು. ಯಾಕೆಂದು ಮಗಳು ಕೇಳಿದಳು. "ನಿಮ್ಮಪ್ಪಂಗೆ ಕಾಣುತ್ತಲ್ಲ," ಎಂದರಂತೆ.

ಆಮೇಲಿನದನ್ನು ನಾನು ಕಣ್ಣಾರೆ ಕಂಡೆ. ಇಂಚರಾ ಕಂಪನಿಯವರ ವೆಬ್‌ಸೈಟಿನಿಂದ ಕೋಣೆಯ ನಕ್ಷೆ ತೆಗೆಸಿ ತಂದಳು. ಶೀನಣ್ಣ ದೇವರಮನೆ ಪಕ್ಕದ ಕೋಣೆ ಖಾಲಿ ಮಾಡಿಸಿ, ಹಡಗಿನ ಕೋಣೆಯ ಅಳತೆ ಹಿಡಿದು, ಉಳಿದ ಜಾಗಕ್ಕೆ ಹಗ್ಗ ಅಡ್ಡ ಕಟ್ಟಿದರು. ಎರಡು ಮಂಚ, ನಡುವೆ ಒಬ್ಬರು ತೂರುವಷ್ಟು ದಾರಿ, ಬಲಗಡೆ ಬಚ್ಚಲಿನ ಬಾಗಿಲೆಂದು ಒಂದು ಸೀರೆಯ ಪರದೆ. ಹಡಗಿನ ಬಚ್ಚಲಿಗೆ ಎತ್ತರದ ಹೊಸ್ತಿಲಿರುತ್ತದೆ ಎಂದು ಮಗಳು ಹೇಳಿದ್ದಕ್ಕೆ ಅಲ್ಲೊಂದು ಹಲಗೆ ಅಡ್ಡ ಹಾಕಿದರು. ಆಂಡಾಳಮ್ಮನಿಗೆ ರೂಢಿಯಾಗಲೆಂದು ಗಂಡ ಹೆಂಡತಿ ಅದರೊಳಗೆ ವಾಸ ಶುರು ಮಾಡಿದರು. ಬೀದಿಯಲ್ಲಿ ಕೆಲವರು ನಕ್ಕರು. ಶೀನಣ್ಣ ಅವರನ್ನೂ ಒಳಗೆ ಕರೆದು ತೋರಿಸಿದರು.

ದೊಡ್ಡ ಗಟ್ಟಿ ಸೂಟ್‌ಕೇಸು ಬೇಡವೆಂದು ಮೊದಲೇ ತೀರ್ಮಾನವಾಗಿತ್ತು, ಖಾಲಿಯಾದರೂ ಅದು ಅಷ್ಟೇ ಜಾಗ ತಿನ್ನುತ್ತದೆ. ಮಡಿಸಿ ಮಂಚದಡಿ ನೂಕಬಹುದಾದ ಬಟ್ಟೆಯ ಬ್ಯಾಗುಗಳನ್ನು ತಂದರು. ಒಂದು ದಿನಕ್ಕೆ ಬೇಕಾದ ಸೀರೆ, ಲಂಗ, ರವಿಕೆಗಳನ್ನು ಒಟ್ಟಿಗೆ ಸುತ್ತಿ ಒಂದು ಟವೆಲಿನಲ್ಲಿ ಕಟ್ಟಿದರೆ ಒಂದು ಗಂಟು. ಬೆಳಗ್ಗೆ ಒಂದು ಗಂಟು ಎತ್ತಿಕೊಂಡರಾಯಿತು, ಹುಡುಕುವುದಿಲ್ಲ. ಉಟ್ಟದ್ದು ಬೇರೆ ಚೀಲಕ್ಕೆ. ಚಪ್ಪಲಿ ಇಡಲೆಂದು ಅಂಗಡಿಯಲ್ಲಿ ಮಾರುವ, ಬಾಗಿಲಿಗೆ ನೇತುಹಾಕುವ ಜೇಬುಗಳ ಪಟ್ಟಿಯೊಂದನ್ನು ಚಿಕ್ಕಪೇಟೆಯಿಂದ ತಂದು, ಅದರ ಜೇಬುಗಳಲ್ಲಿ ಬಾಚಣಿಗೆ, ಎಣ್ಣೆ, ಕರವಸ್ತ್ರ, ಒಣಶುಂಠಿ ಎಲ್ಲ ಇಟ್ಟರು. ಹಡಗಿನ ಗೋಡೆ ಕಬ್ಬಿಣದ್ದು, ಮೊಳೆ ಹೊಡೆಯುವಂತಿಲ್ಲ, ಆದರೆ ಅಯಸ್ಕಾಂತದ ಕೊಕ್ಕೆ ಅಂಟುತ್ತದೆ. ಆ ಕೊಕ್ಕೆಗಳನ್ನು ಮನೆಯ ಕಬ್ಬಿಣದ ಬೀರುವಿಗೆ ಅಂಟಿಸಿ, ಒದ್ದೆ ಟವೆಲು ತೂಗಿಸಿ, ಜಾರುತ್ತದೆಯೋ ಎಂದು ಕಾದು ನೋಡಿದರು. ಬ್ಯಾಗುಗಳನ್ನು ಹಡಗಿನವರು ತಡವಾಗಿ ಕೋಣೆಗೆ ತಲುಪಿಸುತ್ತಾರೆಂದು ಓದಿದ ಮೇಲೆ ಕಣ್ಣಿನ ಔಷಧಿ, ಒಂದು ಜೊತೆ ಬಟ್ಟೆ ಆಂಡಾಳಮ್ಮನ ಹೆಗಲ ಚೀಲಕ್ಕೆ ಹೋದವು.

ಎಲ್ಲ ಸಲೀಸಾಗೇನೂ ನಡೆಯಲಿಲ್ಲ. ಆಂಡಾಳಮ್ಮ ಹಲಗೆಗೆ ಕಾಲು ತಾಗಿಸಿಕೊಂಡು ಮೊಣಕಾಲು ತರಚಿಕೊಂಡರು. ಒಂದು ದಿನ ಗೋಡೆಯಾಚೆ ಮಾತು ಜೋರಾಗಿ ಕೇಳಿತು. ನನ್ನನ್ನೇನು ಗಿಣಿ ಅಂದುಕೊಂಡಿದ್ದೀರಾ, ಪಂಜರ ಕಟ್ಟಿ ಪಾಠ ಹೇಳಿಕೊಡ್ತಿದೀರಾ ಎಂದು ಆಕೆ ಸೀರೆಯ ಪರದೆ ಕಿತ್ತು ಹಾಕಿದರಂತೆ. ಮಾರನೆಯ ದಿನ ಪರದೆ ತಿರುಗಿ ಕಟ್ಟಿದವರು ಆಂಡಾಳಮ್ಮನೇ. ಹೊರಡುವ ಹೊತ್ತಿಗೆ ಅವರು ಆ ಕೋಣೆಯಲ್ಲಿ ನಾನು ನಮ್ಮ ಮನೆಯಲ್ಲಿ ಓಡಾಡುವುದಕ್ಕಿಂತ ಸರಾಗವಾಗಿ ಓಡಾಡುತ್ತಿದ್ದರು.

ಚೆನ್ನೈ ಬಂದರಿನಲ್ಲಿ ತಪಾಸಣೆ ಮುಗಿಸಿ, ಲಿಫ್ಟು ಹತ್ತಿ, ಉದ್ದನೆಯ ಓಣಿ ದಾಟಿ ತಮ್ಮ ಕೋಣೆಯ ಬಾಗಿಲು ತೆಗೆದ ಶೀನಣ್ಣ ಹೊಸ್ತಿಲಲ್ಲೇ ನಿಂತುಬಿಟ್ಟರು. ಬಚ್ಚಲು ಎಡಗಡೆ ಇತ್ತು. ಬೀರು ಬಲಗಡೆ. ಮನೆಯಲ್ಲಿ ಕಲಿತದ್ದೆಲ್ಲ ಕನ್ನಡಿಯಲ್ಲಿ ಕಂಡಂತೆ ಅದಲುಬದಲು. ನಕ್ಷೆ ಹಡಗಿನ ಆ ಮಗ್ಗುಲಿನ ಕೋಣೆಯದು. ಇವರಿಗೆ ಸಿಕ್ಕಿದ್ದು ಈ ಮಗ್ಗುಲಿನದು. ಓಡಿ ಹೋಗಿ ಕೌಂಟರಿನಲ್ಲಿ ಕೇಳಿದರು. ಹಡಗು ಭರ್ತಿಯಾಗಿದೆ, ಬದಲಿಸಲಾಗದು ಎಂದರು. ತಿರುಗಿ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಹೆಂಡತಿಗೆ ವಿಷಯ ಹೇಳಿದರು. ಇಷ್ಟು ದಿನ ಅವಳನ್ನು ಸುಮ್ಮನೆ ಸತಾಯಿಸಿದೆನಲ್ಲ ಎಂದು ಅನ್ನಿಸಿತಂತೆ.

ಆಂಡಾಳಮ್ಮ ಚೌಕಟ್ಟನ್ನು ಬಿಟ್ಟು ಒಳಗೆ ಕಾಲಿಟ್ಟರು. ಎರಡೂ ಕೈ ಚಾಚಿ ನಿಂತರು. ಎಡಗೈಗೆ ಬಚ್ಚಲ ಬಾಗಿಲು ಸಿಕ್ಕಿತು, ಪಾದ ಸರಿಸಿದಾಗ ಹೊಸ್ತಿಲು ಸಿಕ್ಕಿತು. ಮಂಚದ ಅಂಚು ಸವರುತ್ತ ಕಿಟಕಿಯ ತನಕ ಹೋಗಿ ಬಂದರು.

"ರೀ, ನೀವು ಹೊರಗಡೆ ನಿಂತ್ಕೊಳ್ಳಿ," ಎಂದರು. "ಬ್ಯಾಗು ಬಂದ್ಮೇಲೆ ಒಂದೊಂದಾಗಿ ಒಳಗೆ ಕೊಡಿ ಸಾಕು."

"ಒಬ್ಳೇ ಇಡ್ತೀಯಾ?"

"ಒಬ್ಳೇ. ನೀವು ಇಟ್ರೆ ನಾನು ನೆನಪಿಟ್ಕೋಬೇಕು. ನಾನೇ ಇಟ್ರೆ ನೆನಪಿರುತ್ತೆ."

ಬ್ಯಾಗುಗಳು ಬಂದಾಗ ಶೀನಣ್ಣ ಅವನ್ನು ಒಳಗೆ ಕೊಟ್ಟು ಓಣಿಯಲ್ಲಿ ನಿಂತರು. ಒಳಗೆ ಏನೋ ಬಿದ್ದ ಸದ್ದು, ಎಳೆದ ಸದ್ದು, ಕೊಕ್ಕೆ ಗೋಡೆಗೆ ಟಪ್ಪೆಂದು ಅಂಟಿದ ಸದ್ದು. ಹೋಗಿ ಬರುವವರು ಇವರನ್ನು ನೋಡಿ, ಹೆಂಡತಿ ಹೊರಗೆ ಹಾಕಿದ್ದಾಳೆ ಎಂದುಕೊಂಡಿರಬೇಕು ಎಂದು ಅವರೇ ಹೇಳಿ ನಗುತ್ತಾರೆ. ಒಳಗೆ ಕರೆಸಿಕೊಂಡಾಗ ಅವರ ಏರ್ಪಾಡು ಅರ್ಧ ಬದಲಾಗಿತ್ತು. ಜೇಬುಗಳ ಪಟ್ಟಿ ಬಾಗಿಲು ಬಿಟ್ಟು ಆಕೆಯ ಮಂಚದ ತಲೆಯ ಬಳಿಗೆ ಬಂದಿತ್ತು. ಗಂಟುಗಳು ಬೀರುವಿನೊಳಗಲ್ಲ, ಕಿಟಕಿಯ ಕೆಳಗೆ ಸಾಲಾಗಿ ಕುಳಿತಿದ್ದವು. ಫೋನಿನಲ್ಲಿ ಸಹಾಯಕ್ಕೆ ಒತ್ತುವ ಗುಂಡಿ ಯಾವುದೆಂದು ಗಂಡನಿಂದ ಕೇಳಿ ತಿಳಿದು, ಅದರ ಮೇಲೆ ಹಣೆಯ ಸ್ಟಿಕ್ಕರ್ ಬೊಟ್ಟೊಂದನ್ನು ತೆಗೆದು ಅಂಟಿಸಿದರು. ತಮ್ಮದಕ್ಕಿಂತ ಆ ಜೋಡಣೆಯೇ ಚೆನ್ನಾಗಿತ್ತು ಎಂದು ಶೀನಣ್ಣ ನನ್ನೆದುರು ಒಪ್ಪಿಕೊಂಡರು. ಆ ಮಾತು ಹೇಳುವಾಗ ಅವರ ಮುಖದಲ್ಲಿ ಕಂಡದ್ದು ಹೆಮ್ಮೆ.

ಮರುದಿನ ಮಧ್ಯಾಹ್ನ ಗಾಳಿ ಎದ್ದಿತು. ಊಟದ ಮನೆಯಲ್ಲಿ ತಟ್ಟೆಗಳು ಜಾರತೊಡಗಿದವು. ಎಲ್ಲರೂ ತಮ್ಮ ತಮ್ಮ ಕೋಣೆಗೆ ಹೋಗಿ ಎಂದು ಮೈಕಿನಲ್ಲಿ ಹೇಳಿದರು. ಕೋಣೆ ಸೇರುವಷ್ಟರಲ್ಲಿ ಶೀನಣ್ಣನವರಿಗೆ ಹೊಟ್ಟೆ ತೊಳಸಿ ಬಂದಿತ್ತು. ಆಮೇಲೆ ವಾಂತಿ ನಿಲ್ಲಲೇ ಇಲ್ಲ. ಬೆಳಕು ಕಂಡರೆ ತಲೆ ತಿರುಗುತ್ತದೆಂದು ನರಳಿದರು. ಆಂಡಾಳಮ್ಮ ಕಿಟಕಿಯ ಪರದೆ ಎಳೆದು, ಎರಡು ಮಂಚಗಳ ನಡುವೆ ನೆಲದ ಮೇಲೆ ಬೆನ್ನು ಒತ್ತಿ ಕುಳಿತರು. ಪಕ್ಕದ ಕೋಣೆಯಲ್ಲಿ ಸೂಟ್‌ಕೇಸು ಆ ಗೋಡೆಯಿಂದ ಈ ಗೋಡೆಗೆ ಹೋಗಿ ಬಡಿಯುತ್ತಿತ್ತು. ಇವರ ಕೋಣೆಯಲ್ಲಿ ಉರುಳುವಂಥದು ಏನೂ ಇರಲಿಲ್ಲ. ಆಕೆ ಕೂತಲ್ಲಿಂದಲೇ ಟವೆಲು ತೆಗೆದರು, ಶುಂಠಿ ತೆಗೆದರು, ಕವರು ಹಿಡಿದರು, ಕಟ್ಟಿ ಬದಿಗಿಟ್ಟು ಇನ್ನೊಂದು ತೆಗೆದರು. ಬಾಯಿಗೆ ನೀರು ಹಾಕಿದರು.

"ನಾನು ಕಣ್ ತೆಗೆದ್ರೆ ಸಾಕು, ಎಲ್ಲಾ ಗಿರಗಿರ ಸುತ್ತುತಿತ್ತು," ಎಂದು ಶೀನಣ್ಣ ಹೇಳುತ್ತಾರೆ. "ಅವಳ ಕೈ ಮಾತ್ರ ಬರೋದು, ಹೋಗೋದು. ಒಂದ್ಸಲಾನೂ ತಡವರಿಸ್ಲಿಲ್ಲ."

ವಾಂತಿ ಹೆಚ್ಚಾದಾಗ ಆಂಡಾಳಮ್ಮ ಬೊಟ್ಟು ಅಂಟಿಸಿದ್ದ ಗುಂಡಿ ಒತ್ತಿದರು. ಹಡಗಿನ ನರ್ಸು ಬಂದಳು, ಕೇರಳದ ಕಡೆಯವಳು. ಬಾಗಿಲು ತೆಗೆದವರೇ ಆಂಡಾಳಮ್ಮ. ಗಂಡನ ವಯಸ್ಸು, ತೆಗೆದುಕೊಳ್ಳುವ ಮಾತ್ರೆ, ಎಲ್ಲ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿ ಮಾತ್ರೆಯ ಪಟ್ಟಿಗಳನ್ನೂ ಕೈಗಿತ್ತರು. ಕತ್ತಲಲ್ಲಿ ಅವು ಯಾವುವೆಂದು ಕಾಣದೆ ನರ್ಸು ದೀಪ ಹಾಕಿ ಎಂದಳು. ಸ್ವಿಚ್ಚು ನಿಮ್ಮ ಎಡಗಡೆ ಇರಬೇಕು, ನನಗೆ ಅದರ ಅಭ್ಯಾಸವಿಲ್ಲ, ಕಣ್ಣು ಕಾಣುವುದಿಲ್ಲ ಎಂದು ಇವರು ಹೇಳಿದಾಗ ಆಕೆ ತಾನೇ ಗೋಡೆ ತಡವಿ ದೀಪ ಹಾಕಿದಳಂತೆ. ಇಂಜೆಕ್ಷನ್ ಕೊಟ್ಟು ಹೊರಡುವಾಗ ಆಂಡಾಳಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆದರೆ ಪಾಪ ಎನ್ನಲಿಲ್ಲ. ಅದನ್ನು ಆಂಡಾಳಮ್ಮ ನನಗೆ ಎರಡು ಸಲ ಹೇಳಿದ್ದಾರೆ.

ಗಾಳಿ ಇಳಿದ ಮೇಲೆ ಇಬ್ಬರೂ ಹಡಗಿನ ಮೇಲಿನ ಡೆಕ್ಕಿಗೆ ಹೋಗಿ ಕಂಬಿ ಹಿಡಿದು ನಿಂತರು. ಏನು ಕಾಣುತ್ತದೆಂದು ಆಕೆ ಕೇಳಿದ್ದಕ್ಕೆ ಶೀನಣ್ಣ, ನೀರು ಬಿಟ್ಟರೆ ಏನೂ ಇಲ್ಲ ಎಂದರು. ಹಾಗಾದರೆ ನೀವು ನೋಡುತ್ತಿರುವುದಕ್ಕೂ ನನಗೆ ಕೇಳುತ್ತಿರುವುದಕ್ಕೂ ಬಹಳ ವ್ಯತ್ಯಾಸವಿಲ್ಲ ಎಂದು ಆಕೆ ಗಾಳಿಗೆ ಮುಖ ಕೊಟ್ಟು ನಿಂತೇ ಇದ್ದರು. ಕಾಫಿ ಹೊತ್ತಾದರೂ ಕೆಳಗೆ ಬರಲಿಲ್ಲ.

ಊರಿಗೆ ಬಂದ ಮೇಲೆ ಇಂಚರಾ ಬ್ಯಾಂಕಿನಲ್ಲಿ ಈ ಕಥೆಯನ್ನೆಲ್ಲ ಹೇಳಿದಳು. ಅದನ್ನು ಕೇಳಿ ಅವಳ ಜೊತೆ ಕೆಲಸ ಮಾಡುವ ಯಶಶ್ರೀ ಒಂದು ಶನಿವಾರ ಆಂಡಾಳಮ್ಮನನ್ನು ಹುಡುಕಿಕೊಂಡು ಬಂದಳು. ಅವಳ ಅತ್ತೆ ಚಿಕ್ಕಮುನಿಯಮ್ಮನವರಿಗೂ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗುತ್ತಿತ್ತು. ಕೈ ಸುಟ್ಟುಕೊಂಡ ಮೇಲೆ ಅಡುಗೆಮನೆಗೆ ಹೋಗುವುದನ್ನೇ ಬಿಟ್ಟು, ರೈಲು ಹಳಿ ಕಡೆಯ ಬಾಗಿಲಲ್ಲಿ ದಿನವಿಡೀ ಕೂತಿರುತ್ತಾರೆ ಎಂದು ಹೇಳುತ್ತ ಅವಳು ಅತ್ತೇಬಿಟ್ಟಳು.

ಆಂಡಾಳಮ್ಮ, ಶೀನಣ್ಣ ಆಟೋ ಮಾಡಿಕೊಂಡು ಓಕಳಿಪುರಕ್ಕೆ ಹೋದರು. ಚಿಕ್ಕಮುನಿಯಮ್ಮ ಬಾಗಿಲಲ್ಲೇ ಕೂತಿದ್ದರು. ಆಂಡಾಳಮ್ಮ ಪಕ್ಕದಲ್ಲಿ ಕೂತ ಮೇಲೆ, "ನಿಮ್ಗೆ ನಿಜವಾಗ್ಲೂ ಕಾಣಲ್ವಾ ಅಮ್ಮಾ?" ಎಂದು ಕೇಳಿದರು.

"ಕಾಣಲ್ಲ. ನೀವು ದಿನಾ ಮೊದ್ಲು ಕೈ ಹಾಕ್ತಿದ್ದಿದ್ದು ಯಾವುದಕ್ಕೆ, ಅದು ಹೇಳಿ."

"ರಾಗಿ ಹಿಟ್ಟಿಗೆ."

ಆಂಡಾಳಮ್ಮ ಹಿಟ್ಟಿನ ಡಬ್ಬಿ ತರಿಸಿ ಚಿಕ್ಕಮುನಿಯಮ್ಮನ ಕೈಗೇ ಕೊಟ್ಟು, ಎಲ್ಲಿಡಬೇಕೋ ನೀವೇ ಇಡಿ ಎಂದರು. ಶೀನಣ್ಣ ಈ ಸಲ ಹೇಳಿಸಿಕೊಳ್ಳುವ ಮೊದಲೇ ಅಡುಗೆಮನೆಯಿಂದ ಹೊರಗೆ ಹೋಗಿ ನಿಂತರು. ಮಧ್ಯಾಹ್ನವೆಲ್ಲ ಡಬ್ಬಿ ಎತ್ತುವ, ಇಳಿಸುವ ಸದ್ದು, ಇಬ್ಬರು ಹೆಂಗಸರ ಮಾತು. ಕೊನೆಗೆ ಸೊಸೆಯನ್ನು ಒಲೆ ಹಚ್ಚಲು ಕರೆದು, ಚಿಕ್ಕಮುನಿಯಮ್ಮ ತಾವೇ ಮುದ್ದೆ ತಿರುವಿದರು. ಬಸ್ಸಾರು ಬೆಳಗಿನದೇ ಇತ್ತು.

ಎಲ್ಲರೂ ನೆಲದ ಮೇಲೆ ಊಟಕ್ಕೆ ಕೂತರು. ಹುಟ್ಟಿದಂದಿನಿಂದ ಅನ್ನ ತಿಂದ ಆಂಡಾಳಮ್ಮ ಮುದ್ದೆ ನುಂಗಲು ಬಾರದೆ ಮೆಲ್ಲಗೆ ಅಗಿಯತೊಡಗಿದರಂತೆ. ಪಕ್ಕದಲ್ಲಿದ್ದ ಚಿಕ್ಕಮುನಿಯಮ್ಮನಿಗೆ ಅದು ಕೇಳಿಸಿತು. ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಬಹಳ ದಿನದ ಮೇಲೆ ಆ ಮನೆಯಲ್ಲಿ ಬಾಯ್ತುಂಬ ನಕ್ಕರಂತೆ.