ಸೀನು ಮತ್ತು ಪಕ್ಕದ ಮನೆಯ ಕಿಟಕಿ

ನನ್ನ ಮೂಗು ನನಗಿಂತ ಹಟಮಾರಿ. ಅದು ಯಾವಾಗ ಹೀಗಾಯಿತೆಂದು ಖಚಿತವಾಗಿ ಹೇಳಲಾರೆ. ಮೂವತ್ತೆಂಟು ದಾಟಿದ ಮೇಲೆ ಎಂದು ನೆನಪು. ಆದರೆ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಅದಕ್ಕೇ ದಿನಚರಿ ಬರೆಯುತ್ತೇನೆ. ಒಂದು ಸೀನು ಅಪಶಕುನ, ಎರಡಾದರೆ ಶುಭ ಎನ್ನುತ್ತಾರೆ ನಮ್ಮ ನವಲಗುಂದದಲ್ಲಿ. ಬೆಳಗ್ಗೆ ಎದ್ದು ಒಂದೇ ಸಮನೆ ಹನ್ನೊಂದು ಸೀನುವವನಿಗೆ ಏನು ಫಲವೆಂದು ಯಾರಿಗೂ ಗೊತ್ತಿರಲಿಲ್ಲ.

ಬದನೆಕಾಯಿ ನಂಜು, ಬಿಡು ಎಂದರು. ಮೊಸರು ಬಿಡು ಎಂದರು. ಎರಡನ್ನೂ ಬಿಟ್ಟೆ, ಸೀನು ನನ್ನನ್ನು ಬಿಡಲಿಲ್ಲ. ನಾನಾದರೋ ಧಾರವಾಡದಲ್ಲಿ ಎಂ.ಎ. ಓದಿ ಬಂದ ಹೈಸ್ಕೂಲು ಮಾಸ್ತರ. ಕಾರಣವನ್ನು ನಾನೇ ಹುಡುಕಿದೆ. ಪಕ್ಕದ ಮನೆಯ ಹಜರತಬಿ ಜಮಖಾನೆ ನೇಯುತ್ತಿದ್ದರು. ಅವರ ಮಗ್ಗದ ಕೋಣೆಯ ಕಿಟಕಿ, ನಮ್ಮ ಅಡುಗೆಮನೆಯ ಕಿಟಕಿ ಎದುರುಬದುರು. ನಡುವೆ ಎರಡು ಮೊಳದ ಸಂದಿ. ನೂಲಿನ ಧೂಳಿನಿಂದಲ್ಲದೆ ಸೀನು ಮತ್ತೆಲ್ಲಿಂದ ಬರಬೇಕು? ನಮ್ಮ ಕಿಟಕಿ ಮುಚ್ಚಿ ಮೊಳೆ ಹೊಡೆದೆ.

ಆ ಕಿಟಕಿಯಲ್ಲಿ ಮಧ್ಯಾಹ್ನ ಕಳೆಯುತ್ತಿದ್ದವಳು ನನ್ನ ಹೆಂಡತಿ ಗಿರಿಜಾ. ಇವಳು ಬೆಳ್ಳುಳ್ಳಿ ಸುಲಿಯುತ್ತ, ಅವರು ನೇಯುತ್ತ, ಇಬ್ಬರಿಗೂ ಮಾತು. ಊರಿನಲ್ಲಿ ಅವಳಿಗಿದ್ದ ಗೆಳತಿ ಅವರೊಬ್ಬರೇ.

"ಹಜರತಬಿ ಅಕ್ಕಾರು ಏನ ತಿಳ್ಕೊಂತಾರ್ರಿ?"

"ಧೂಳಿನ ಸಲುವಾಗಿ ಅಂತ ಹೇಳು."

"ನಿಮ್ಮನಿ ಧೂಳು ಬ್ಯಾಡಂತ ನಾ ಹೆಂಗ ಹೇಳ್ಲಿ?"

ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಹಜರತಬಿ ನಳದ ಹತ್ತಿರ ಸಿಕ್ಕರೂ ಮುಖ ತಿರುಗಿಸತೊಡಗಿದರು. ಮೊಳೆ ಹೊಡೆದ ದಿನದ ನನ್ನ ದಿನಚರಿಯಲ್ಲಿ ಒಂದೇ ಸಾಲಿದೆ: 'ಕಿಟಕಿ ಮುಚ್ಚಿದೆ, ಒಳ್ಳೆಯದಾಯಿತು.' ಯಾರಿಗೆ ಎಂದು ಬರೆದಿಲ್ಲ. ಗಿರಿಜಾ ಎಷ್ಟು ದಿನ ಮಾತು ಕಡಿಮೆ ಮಾಡಿದಳೆಂಬುದನ್ನು ಮುಂದೆಯೂ ಬರೆದಿಲ್ಲ.

ಸೀನು ನಿಲ್ಲಲಿಲ್ಲ. ಹುಬ್ಬಳ್ಳಿಯ ಡಾಕ್ಟರರು ಇದು ಅಲರ್ಜಿ ಎಂದರು. ಯಾವ ತಂಟೆಗೂ ಬಾರದ ವಸ್ತುವನ್ನು ದೇಹ ವೈರಿಯೆಂದು ತಿಳಿದು ಯುದ್ಧಕ್ಕೆ ನಿಲ್ಲುತ್ತದಂತೆ. ನಡುವಯಸ್ಸಿನಲ್ಲಿಯೂ ಹೊಸದಾಗಿ ಶುರುವಾಗಬಹುದಂತೆ. ಅವರು ಕೊಟ್ಟ ಗುಳಿಗೆ ನುಂಗಿ ಒಂಬತ್ತನೆಯ ಇಯತ್ತೆಯ ಹುಡುಗರ ಮುಂದೆ ಕುರ್ಚಿಯಲ್ಲೇ ನಿದ್ದೆಹೋದೆ.

"ಗುಳಿಗಿ ಬರೇ ತಡೀತದರಿ," ಎಂದರು ಡಾಕ್ಟರರು ಮುಂದಿನ ಸಲ. "ಸೀನು ಯಾವಾಗ ಬರತಾವ, ಆವಾಗ ಏನ ಮಾಡಾಕತ್ತಿದ್ರಿ, ಅಷ್ಟ ಬರದಿಡ್ರಿ."

ಬರೆಯಲು ನನಗೇನು ಬೇಸರ? ಒಂದು ತಿಂಗಳು ಬರೆದೆ. ಹಜರತಬಿ ತಮ್ಮನ ಮದುವೆಗೆಂದು ಯಮನೂರಿಗೆ ಹೋಗಿ ಮಗ್ಗ ಸುಮ್ಮನಿದ್ದ ವಾರವೇ ಎಲ್ಲಕ್ಕಿಂತ ಹೆಚ್ಚು ಸೀನಿದ್ದೆ. 'ಆಗ ಮಾಡುತ್ತಿದ್ದುದು' ಎಂಬಲ್ಲಿ ಹೆಚ್ಚುಕಡಿಮೆ ಪ್ರತಿಸಲವೂ ಒಂದೇ ಮಾತು: ಬೆಳಗ್ಗೆ ಎದ್ದು ಹಳೆಯ ದಿನಚರಿ ತೆಗೆದು ನೋಡುತ್ತಿದ್ದೆ. ನೆನಪನ್ನು ನಂಬದೆ ಟ್ರಂಕು ತೆರೆದು, ಹದಿನೈದು ವರ್ಷದ ಧೂಳಿನಲ್ಲಿ ಮೂಗು ತೂರಿಸುತ್ತಿದ್ದೆ. ವೈರಿ ನನ್ನ ಮಂಚದ ಕೆಳಗೇ ಮಲಗಿದ್ದ.

ಮೊಳೆ ಕಿತ್ತೆ. "ಈಗ ನೀವ ಹೇಳ್ರಿ, ನಾ ಅಲ್ಲ," ಎಂದು ಗಿರಿಜಾ ಒಲೆಯ ಕಡೆ ತಿರುಗಿದಳು. ಕಿಟಕಿಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಆಚೆ ಮಗ್ಗದ ಸಪ್ಪಳ ನಿಂತಿತು.

"ಮಾಸ್ತರ್ರ, ನಾ ಏನೋ ಜಾತಿ ಮಾತು ನಡುವ ಬಂತು ಅಂತ ತಿಳ್ಕೊಂಡಿದ್ದೆರಿ," ಎಂದರು ಹಜರತಬಿ. "ಧೂಳಂತ ಒಂದ ಮಾತು ಅಂದಿದ್ರ ನಾನ ಹೇಳತಿದ್ದೆ. ಹತ್ತು ವರ್ಷ ಆತು, ನನಗೂ ಇದ ಸೀನು. ಮುಂಜಾನೆ ನೂಲು ಬಿಡಸೂವಾಗ ಮೂಗಿಗೆ ಹಸಿ ಅರಿಬಿ ಕಟಗೊಂಡ ಕುಂದರತೀನಿ."

ಆಮೇಲೆ ನನ್ನ ಹೆಗಲ ಮೇಲಿನಿಂದ ಒಳಗೆ ಇಣುಕಿ, "ಏನವಾ ಗಿರಿಜವ್ವಾ, ಇಷ್ಟು ಕಲತವರಿಗೆ ಒಂದು ತುಂಡ ಅರಿಬಿ ಸಿಗಲಿಲ್ಲೇನ ನಿಮ್ಮನಿಯಾಗ?" ಎಂದರು.

ಗಿರಿಜಾ ನಕ್ಕಳು. ಬೆಳ್ಳುಳ್ಳಿಯ ಬುಟ್ಟಿ ಎತ್ತಿಕೊಂಡು ಬಂದು, ನನ್ನನ್ನು ಮೊಣಕೈಯಿಂದ ಸರಿಸಿ, ಕಿಟಕಿಯಲ್ಲಿ ಕುಳಿತಳು.

ಈಗ ದಿನಚರಿಗಳನ್ನು ಬಿಸಿಲಿಗಿಟ್ಟು ಒರೆಸಿ, ಮೂಗಿಗೆ ಹಸಿ ಬಟ್ಟೆ ಕಟ್ಟಿಕೊಂಡು ಓದುತ್ತೇನೆ. ನನ್ನವೇ ದಿನಗಳನ್ನು ಕಳ್ಳನಂತೆ ಮುಖ ಮುಚ್ಚಿಕೊಂಡು ನೋಡುವುದಕ್ಕೆ ಮೊದಮೊದಲು ಸಂಕೋಚವಾಗುತ್ತಿತ್ತು. ಅಲ್ಲಿ ಬರೆದಿರುವುದನ್ನು ಓದುತ್ತ ಹೋದಂತೆ, ಮುಖ ಮುಚ್ಚಿಕೊಂಡಿರುವುದೇ ಸರಿ ಅನ್ನಿಸತೊಡಗಿದೆ.